ಓಪೇರ್ ಹುಡುಗಿಯ ಕೈಗೆ ಕಾರಿನ ಕೀಲಿ ಕೊಡುವ ಮೊದಲು

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿದ್ದೇವೆ. ನಮಗೆ 9 ಮತ್ತು 6 ವರ್ಷದ ಇಬ್ಬರು ಮಕ್ಕಳು. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವುದರಿಂದ ಏಜೆನ್ಸಿಯೊಂದರ ಮೂಲಕ ಕೊಲಂಬಿಯಾದ 21 ವರ್ಷದ ಹುಡುಗಿಯನ್ನು ಓಪೇರ್ (ಮನೆಯಲ್ಲೇ ಇದ್ದು ಮಕ್ಕಳನ್ನು ನೋಡಿಕೊಳ್ಳುವವಳು) ಆಗಿ ಕರೆಸಿಕೊಂಡು ಐದು ವಾರವಾಯಿತು. ಮಕ್ಕಳನ್ನು ಶಾಲೆಯಿಂದ ಕರೆತರಲು, ಈಜಿನ ಕ್ಲಾಸಿಗೆ ಬಿಡಲು ನಮ್ಮ ಎರಡನೇ ಕಾರನ್ನು ಕೊಟ್ಟಿದ್ದೇವೆ. ಕಳೆದ ವಾರ ಗ್ಯಾರೇಜಿನಿಂದ ಹಿಂದಕ್ಕೆ ತೆಗೆಯುವಾಗ ಬಂಪರ್ ಕಂಬಕ್ಕೆ ಉಜ್ಜಿತ್ತು. ಎರಡು ದಿನ ಅವಳು ಹೇಳಲೇ ಇಲ್ಲ, ಮಗನ ಬಾಯಿಂದ ತಿಳಿಯಿತು. ಅಂದಿನಿಂದ ನಮ್ಮ ಮನೆಯವರು ನಿಯಮಗಳ ಪಟ್ಟಿ ಹಿಡಿದು ಕುಳಿತಿದ್ದಾರೆ: ರಾತ್ರಿ ಹತ್ತರೊಳಗೆ ಮನೆ ಸೇರಬೇಕು, ಹತ್ತು ಮೈಲಿ ದಾಟಬಾರದು, ಗೀರು ಬಿದ್ದರೆ ವಾರದ ಹಣದಲ್ಲಿ ಹಿಡಿಯಬೇಕು, ಕಾರಿಗೆ ಜಿಪಿಎಸ್ ಹಾಕಬೇಕು. ಮೈಸೂರಿನಿಂದ ಬಂದಿರುವ ಅತ್ತೆಯವರು ‘ವಯಸ್ಸಿನ ಹುಡುಗಿಗೆ ಕಾರು ಕೊಟ್ಟು ಕಳಿಸುವುದೇ ತಪ್ಪು’ ಎನ್ನುತ್ತಾರೆ. ಸ್ನೇಹಿತರನ್ನು ಕೇಳಿದರೆ, ‘ಇನ್ಶೂರೆನ್ಸ್ ಇರುವುದು ಕಾರಿಗೆ, ಯಾರು ಓಡಿಸಿದರೂ ನಡೆಯುತ್ತದೆ. ಅವಳ ಹತ್ತಿರ ಇಂಟರ್‌ನ್ಯಾಷನಲ್ ಲೈಸೆನ್ಸ್ ಇದೆಯಲ್ಲ, ಒಂದು ವರ್ಷ ಚಿಂತೆಯಿಲ್ಲ’ ಎಂದರು. ಈಗ ಅವಳು ಬರುವ ಶನಿವಾರ ಗೆಳತಿಯರೊಂದಿಗೆ ಸ್ಯಾಂಟಾ ಕ್ರೂಜ್‌ಗೆ ಹೋಗಲು ಕಾರು ಕೇಳುತ್ತಿದ್ದಾಳೆ. ಬೇಡವೆಂದರೆ ಅವಳ ಮನಸ್ಸು ನೋಯುತ್ತದೆ, ಹೂಂ ಎಂದರೆ ನನಗೆ ನಿದ್ದೆ ಬರುವುದಿಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಹತ್ತು ಗಂಟೆ, ಹತ್ತು ಮೈಲಿ, ಜಿಪಿಎಸ್, ಗೀರಿನ ದಂಡ ಇಷ್ಟೆಲ್ಲದರ ನಡುವೆ ನಾನು ಹುಡುಕಿದ ಒಂದು ಮಾತು ಮಾತ್ರ ಸಿಗಲಿಲ್ಲ. ಐದು ವಾರದಿಂದ ನಿಮ್ಮ ಮಕ್ಕಳನ್ನು ಕೂರಿಸಿಕೊಂಡು ಕಾರು ಓಡಿಸುತ್ತಿರುವ ಈ ಹುಡುಗಿಯ ಹೆಸರು ನಿಮ್ಮ ಇನ್ಶೂರೆನ್ಸ್ ಪಾಲಿಸಿಯಲ್ಲಿ ಇದೆಯೇ? ಸ್ನೇಹಿತರು ನಿಮಗೆ ಹೇಳಿದ ಸಮಾಧಾನವನ್ನು ನೋಡಿದರೆ ಇಲ್ಲವೆಂದೇ ತೋರುತ್ತದೆ. ಹಾಗಿದ್ದರೆ ಉಳಿದ ಚರ್ಚೆಯನ್ನೆಲ್ಲ ಬದಿಗಿಟ್ಟು ನಾಳೆ ಬೆಳಿಗ್ಗೆ ಕಚೇರಿ ತೆರೆದ ಕೂಡಲೇ ನಿಮ್ಮ ಏಜೆಂಟರಿಗೆ ಫೋನ್ ಮಾಡಿ. ಹೆಸರು ಸೇರಿದೆ ಎಂಬ ಬರಹ ಕೈಗೆ ಬರುವವರೆಗೆ ಕೀಲಿಯನ್ನು ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ಎರಡು ಮೂರು ದಿನ ಶಾಲೆಯ ಓಡಾಟಕ್ಕೆ ತೊಂದರೆಯಾದೀತು, ಆಗಲಿ.

ಇಷ್ಟು ಖಡಾಖಂಡಿತವಾಗಿ ಹೇಳಲು ಕಾರಣವಿದೆ. ನಾನು ಬೇ ಏರಿಯಾದಲ್ಲಿ ಹದಿನಾರು ವರ್ಷದಿಂದ ವಾಹನ ಮತ್ತು ಮನೆ ವಿಮೆಯ ಏಜೆಂಟಳಾಗಿದ್ದೇನೆ. ಅದಕ್ಕೂ ಮೊದಲು ನಾಲ್ಕು ವರ್ಷ ಓಪೇರ್ ಏಜೆನ್ಸಿಯೊಂದರ ಸ್ಥಳೀಯ ಸಂಯೋಜಕಿಯಾಗಿ, ತಿಂಗಳಿಗೊಮ್ಮೆ ಇಂಥ ಹುಡುಗಿಯರನ್ನೂ ಅವರನ್ನು ಇರಿಸಿಕೊಂಡ ಕುಟುಂಬಗಳನ್ನೂ ಕಂಡು ಮಾತಾಡುತ್ತಿದ್ದೆ. ಎರಡೂ ಕೆಲಸಗಳಲ್ಲಿ ನಾನು ಕಂಡ ಜಗಳಗಳಲ್ಲಿ ಮಕ್ಕಳ ವಿಷಯದ ಜಗಳಗಳಿಗಿಂತ ಕಾರಿನ ಜಗಳಗಳೇ ಹೆಚ್ಚು, ಮತ್ತು ಅವು ಹುಟ್ಟುವ ರೀತಿ ಹೆಚ್ಚು ಕಡಿಮೆ ಒಂದೇ: ಮನೆಯವರು ಕೀಲಿಯನ್ನು ಮೊದಲು ಕೊಡುತ್ತಾರೆ, ನಿಯಮವನ್ನು ಮೊದಲ ಗೀರು ಬಿದ್ದ ಮೇಲೆ ಬರೆಯುತ್ತಾರೆ. ಸಿಟ್ಟಿನಲ್ಲಿ ಬರೆದ ನಿಯಮವನ್ನು ಯಾರಾದರೂ ಶಿಕ್ಷೆ ಎಂದೇ ಓದಿಕೊಳ್ಳುತ್ತಾರೆ.

ಈ ಪದ್ಧತಿಯ ಪರಿಚಯವಿಲ್ಲದ ಓದುಗರಿಗಾಗಿ ಎರಡು ಮಾತು. ಅಮೆರಿಕದಲ್ಲಿ ಓಪೇರ್ ಕಾರ್ಯಕ್ರಮ 1986ರಲ್ಲಿ ಆರಂಭವಾಯಿತು. 18ರಿಂದ 26ರ ವಯಸ್ಸಿನ ವಿದೇಶಿ ಯುವಜನರು ಜೆ-1 ವೀಸಾದ ಮೇಲೆ ಬಂದು, ಕುಟುಂಬದೊಂದಿಗೇ ವಾಸವಿದ್ದು ಮಕ್ಕಳನ್ನು ನೋಡಿಕೊಳ್ಳುತ್ತಾರೆ, ಜೊತೆಗೆ ಒಂದಿಷ್ಟು ಓದುತ್ತಾರೆ. ದಿನಕ್ಕೆ 10 ಗಂಟೆ, ವಾರಕ್ಕೆ 45 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ವಾರಕ್ಕೆ ಒಂದೂವರೆ ದಿನ, ತಿಂಗಳಿಗೊಂದು ಪೂರ್ಣ ವಾರಾಂತ್ಯ ಬಿಡುವು ಕೊಡಬೇಕು. ಕೆಲಸ ಮಕ್ಕಳಿಗೆ ಸಂಬಂಧಿಸಿದ್ದಷ್ಟೇ. ಈ ಕೊನೆಯ ಮಾತು ಕಾರಿನ ವಿಷಯಕ್ಕೂ ಸಲ್ಲುತ್ತದೆ. ಮಕ್ಕಳನ್ನು ಈಜಿಗೆ ಬಿಡುವುದು ಅವಳ ಕೆಲಸ. ನಿಮ್ಮ ಅತ್ತೆಯವರನ್ನು ದೇವಸ್ಥಾನಕ್ಕೆ ಕರೆದೊಯ್ಯುವುದಾಗಲಿ ನಿಮ್ಮ ಮನೆಯವರನ್ನು ಏರ್‌ಪೋರ್ಟಿಗೆ ಬಿಡುವುದಾಗಲಿ ಅವಳ ಕೆಲಸವಲ್ಲ. ಊರಿನಲ್ಲಿ ಡ್ರೈವರ್ ಇದ್ದ ಮನೆಗಳಲ್ಲಿ ಬೆಳೆದು ಬಂದವರಿಗೆ ಈ ಗೆರೆ ಬೇಗ ಕಾಣುವುದಿಲ್ಲ ಎಂಬುದನ್ನು ನಾನು ಸಾಕಷ್ಟು ನೋಡಿದ್ದೇನೆ.

ಇನ್ನು ನಿಮ್ಮ ಸ್ನೇಹಿತರ ಮಾತಿಗೆ ಬರೋಣ. ಇನ್ಶೂರೆನ್ಸ್ ಕಾರಿಗೆ ಅಂಟಿಕೊಂಡಿರುತ್ತದೆ ಎಂಬುದು ಪೂರ್ತಿ ಸುಳ್ಳಲ್ಲ, ಅದಕ್ಕೇ ಅದು ಅಪಾಯಕಾರಿ. ಪಕ್ಕದ ಮನೆಯವರು ಒಮ್ಮೆ ನಿಮ್ಮ ಕಾರನ್ನು ತೆಗೆದುಕೊಂಡು ಔಷಧದಂಗಡಿಗೆ ಹೋಗಿ ಬಂದರೆ, ನಿಮ್ಮ ಅನುಮತಿಯಿಂದ ಅಪರೂಪಕ್ಕೆ ಓಡಿಸಿದವರೆಂದು ಸಾಮಾನ್ಯವಾಗಿ ಪಾಲಿಸಿ ಅವರನ್ನು ಒಳಗೊಳ್ಳುತ್ತದೆ. ಆದರೆ ನಿಮ್ಮದೇ ಮನೆಯಲ್ಲಿ ವಾಸವಿದ್ದು, ದಿನವೂ ಓಡಿಸುವವರು ಅಪರೂಪದ ಚಾಲಕರಲ್ಲ. ಮನೆಯಲ್ಲಿರುವ, ಕಾರು ಓಡಿಸುವ ವಯಸ್ಸಿನ ಎಲ್ಲರ ಹೆಸರನ್ನೂ ವಿಮಾ ಕಂಪನಿಗೆ ತಿಳಿಸುವುದು ಪಾಲಿಸಿದಾರರ ಹೊಣೆ. ತಿಳಿಸದೆ ಇದ್ದಾಗ ಏನಾಗುತ್ತದೆ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆಯಾಗುತ್ತದೆ: ಕೆಲವರು ಹಿಂದಿನ ತಿಂಗಳುಗಳ ಪ್ರೀಮಿಯಂ ವಸೂಲು ಮಾಡಿ ಸುಮ್ಮನಾಗುತ್ತಾರೆ, ಕೆಲವರು ನಿಮ್ಮ ಕಾರಿನ ರಿಪೇರಿಗೆ ಕೈ ಎತ್ತುತ್ತಾರೆ, ಕೆಲವು ಪಾಲಿಸಿಗಳಲ್ಲಿ ಪಟ್ಟಿಯಲ್ಲಿಲ್ಲದ ಚಾಲಕರಿಗೆ ಪರಿಹಾರದ ಮಿತಿಯೇ ರಾಜ್ಯದ ಕನಿಷ್ಠ ಮಟ್ಟಕ್ಕೆ ಇಳಿಯುತ್ತದೆ, ಇನ್ನು ಕೆಲವರು ಮಾಹಿತಿ ಮುಚ್ಚಿಟ್ಟಿರಿ ಎಂದು ಪಾಲಿಸಿಯನ್ನೇ ರದ್ದು ಮಾಡುತ್ತಾರೆ.

ನನ್ನ ಗ್ರಾಹಕರೊಬ್ಬರ ಮನೆಯಲ್ಲಿ ಹೀಗೇ ಆಯಿತು. ಓಪೇರ್ ಹುಡುಗಿ ಎಡಕ್ಕೆ ತಿರುಗುವಾಗ ಎದುರಿನ ಕಾರಿಗೆ ತಗುಲಿದಳು. ಯಾರಿಗೂ ದೊಡ್ಡ ಪೆಟ್ಟಾಗಲಿಲ್ಲ. ಮರುದಿನ ವಿಮಾ ಕಂಪನಿಯ ಅಡ್ಜಸ್ಟರ್ (ನಷ್ಟವನ್ನು ಪರಿಶೀಲಿಸುವವರು) ಫೋನ್ ಮಾಡಿ, ತುಂಬ ಮೃದುವಾದ ದನಿಯಲ್ಲಿ ಕೇಳಿದ ಮೊದಲ ಪ್ರಶ್ನೆ ಅಪಘಾತದ ಬಗ್ಗೆ ಆಗಿರಲಿಲ್ಲ. ‘ಈಕೆ ನಿಮ್ಮ ಮನೆಯಲ್ಲಿ ಎಷ್ಟು ದಿನದಿಂದ ಇದ್ದಾರೆ?’ ಎಂಬುದಾಗಿತ್ತು. ಗ್ರಾಹಕರು ಸತ್ಯವನ್ನೇ ಹೇಳಿದರು: ಏಳು ತಿಂಗಳು. ಎರಡನೆಯ ಪ್ರಶ್ನೆ, ‘ವಾರಕ್ಕೆ ಎಷ್ಟು ದಿನ ಓಡಿಸುತ್ತಾರೆ?’ ಐದು. ಅಲ್ಲಿಗೆ ಆ ಮಾತುಕತೆಯ ದಿಕ್ಕು ಬದಲಾಯಿತು. ಅವರು ನನಗೆ ಫೋನ್ ಮಾಡಿದ್ದು ಅದರ ನಂತರ; ಆಗ ನನ್ನ ಕೈಯಲ್ಲಿ ಮಾಡಲು ಹೆಚ್ಚೇನೂ ಉಳಿದಿರಲಿಲ್ಲ. (ಅಂದ ಹಾಗೆ, ಆರು ತಿಂಗಳಿಗೆಂದು ಊರಿನಿಂದ ಬಂದು, ಭಾರತದ ಲೈಸೆನ್ಸ್ ಹಿಡಿದು ಮೊಮ್ಮಕ್ಕಳನ್ನು ಶಾಲೆಗೆ ಬಿಡುವ ಮಾವಂದಿರಿಗೂ ಇದೇ ಮಾತು. ಅವರ ಹೆಸರನ್ನೂ ಏಜೆಂಟರಿಗೆ ತಿಳಿಸಿ.)

ಹೆಸರು ಸೇರಿಸಿದರೆ ಪ್ರೀಮಿಯಂ ಏರುತ್ತದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. 1988ರಲ್ಲಿ ಮತದಾರರು ಒಪ್ಪಿದ ಪ್ರಸ್ತಾವ 103ರ ಪ್ರಕಾರ ಕ್ಯಾಲಿಫೋರ್ನಿಯಾದಲ್ಲಿ ದರ ನಿಗದಿಗೆ ಮುಖ್ಯವಾಗುವುದು ಮೂರು: ಚಾಲನೆಯ ಇತಿಹಾಸ, ವರ್ಷಕ್ಕೆ ಓಡಿಸುವ ಮೈಲಿ, ಚಾಲನೆಯ ಅನುಭವದ ವರ್ಷಗಳು. ಕೊಲಂಬಿಯಾದಲ್ಲಿ ಮೂರು ವರ್ಷ ಓಡಿಸಿದ್ದರೂ ಇಲ್ಲಿನ ದಾಖಲೆಯಲ್ಲಿ ಅವಳು ಬಹುಮಟ್ಟಿಗೆ ಹೊಸಬಳು. ಈ ಹೆಚ್ಚುವರಿ ಹಣವನ್ನು ನೀವೇ ಕಟ್ಟಬೇಕು, ಏಕೆಂದರೆ ಮಕ್ಕಳಿಗಾಗಿ ಕಾರು ಓಡಿಸಬೇಕಾದ ಅಗತ್ಯ ನಿಮ್ಮದು. ಹಣ ಉಳಿಸಲೆಂದು ಕೆಲವರು ಪಾಲಿಸಿಯಿಂದ ಅವಳನ್ನು ಹೆಸರು ಹಿಡಿದು ಹೊರಗಿಡುವ ಅರ್ಜಿಗೆ ಸಹಿ ಹಾಕುತ್ತಾರೆ. ಅವಳು ಯಾವತ್ತೂ ಸ್ಟಿಯರಿಂಗ್ ಮುಟ್ಟುವುದಿಲ್ಲವಾದರೆ ಮಾತ್ರ ಅದು ಸರಿ. ಹಾಗೆ ಸಹಿ ಹಾಕಿದ ಮೇಲೆ, ಮಗುವಿಗೆ ಜ್ವರವೆಂದು ಶಾಲೆಯಿಂದ ಕರೆ ಬಂದು ಒಂದೇ ಒಂದು ದಿನ ಅವಳು ಓಡಿಸಿದರೂ ಆ ಪ್ರಯಾಣಕ್ಕೆ ವಿಮೆಯೇ ಇರುವುದಿಲ್ಲ.

ಪರಿಹಾರದ ಮಿತಿಯನ್ನೂ ಇದೇ ಸಂದರ್ಭದಲ್ಲಿ ನೋಡಿಕೊಳ್ಳಿ. ರಾಜ್ಯದ ಕನಿಷ್ಠ ಮಿತಿ 2025ರ ಜನವರಿ 1ರಿಂದ ಹೆಚ್ಚಾಗಿದೆ: ಗಾಯಗೊಂಡ ಒಬ್ಬರಿಗೆ 30,000 ಡಾಲರ್, ಒಂದು ಅಪಘಾತದಲ್ಲಿ ಗಾಯಗೊಂಡ ಎಲ್ಲರಿಗೂ ಸೇರಿ 60,000, ಆಸ್ತಿ ಹಾನಿಗೆ 15,000. ಹೆಚ್ಚಾಗಿದೆ ನಿಜ, ಆದರೆ ಈ ದೇಶದಲ್ಲಿ ಒಂದು ಶಸ್ತ್ರಚಿಕಿತ್ಸೆಯ ಬಿಲ್ಲು ಅಥವಾ ಫ್ರೀಮಾಂಟಿನ ರಸ್ತೆಯಲ್ಲಿ ನಿಮ್ಮ ಮುಂದೆ ನಿಂತಿರುವ ಎಲೆಕ್ಟ್ರಿಕ್ ಕಾರಿನ ಬೆಲೆ ಇದನ್ನು ಸುಲಭವಾಗಿ ಮೀರುತ್ತದೆ. ಕಾನೂನಿನ ಒಂದು ಸೂಕ್ಷ್ಮವನ್ನು ಇಲ್ಲಿ ಹೇಳಬೇಕು. ನಿಮ್ಮ ಅನುಮತಿ ಪಡೆದು ಬೇರೆಯವರು ಕಾರು ಓಡಿಸಿ ಹಾನಿ ಮಾಡಿದರೆ, ಕೇವಲ ಕಾರಿನ ಮಾಲೀಕರು ಎಂಬ ಕಾರಣಕ್ಕೆ ನಿಮ್ಮ ಮೇಲೆ ಬರುವ ಹೊಣೆಗೆ ಕ್ಯಾಲಿಫೋರ್ನಿಯಾ ಕಾನೂನು ಒಂದು ಮಿತಿ ಹಾಕಿದೆ. ಆದರೆ ನೀವು ಒಪ್ಪಿಸಿದ ಕೆಲಸದ ಮೇಲೆ ಓಡಿಸುತ್ತಿದ್ದಾಗ ಆದ ಅಪಘಾತಕ್ಕೆ ಕೆಲಸಕ್ಕಿಟ್ಟುಕೊಂಡವರಾಗಿ ಬರುವ ಹೊಣೆಗೆ ಆ ಮಿತಿ ಇಲ್ಲ. ಸರಿಯಾಗಿ ಓಡಿಸಲು ಬಾರದವರೆಂದು ಗೊತ್ತಿದ್ದೂ ಕೀಲಿ ಕೊಟ್ಟಿದ್ದಕ್ಕೆ ಬರುವ ಹೊಣೆಗೂ ಇಲ್ಲ. ಅದಕ್ಕಾಗಿ ನಾನು ಓಪೇರ್ ಇರುವ ಮನೆಗಳಿಗೆ ಒಬ್ಬರಿಗೆ 2,50,000, ಒಟ್ಟು 5,00,000 ಡಾಲರಿನ ಮಿತಿಯನ್ನೂ, ಅದರ ಮೇಲೆ ಹತ್ತು ಲಕ್ಷ ಡಾಲರಿನ ಅಂಬ್ರೆಲಾ ಪಾಲಿಸಿಯನ್ನೂ (ಕಾರಿನ ವಿಮೆಯ ಮಿತಿ ಮುಗಿದ ಮೇಲೆ ನೆರವಿಗೆ ಬರುವ ಹೆಚ್ಚುವರಿ ವಿಮೆ) ಸೂಚಿಸುತ್ತೇನೆ. ಅಂಬ್ರೆಲಾದ ಅರ್ಜಿಯಲ್ಲೂ ಅವಳ ಹೆಸರು ಇರಬೇಕು. ಏಜೆನ್ಸಿ ಅವಳಿಗೆ ಮಾಡಿಸಿರುವ ವಿಮೆ ಅವಳ ಆರೋಗ್ಯಕ್ಕೆ ಸಂಬಂಧಿಸಿದ್ದು, ನಿಮ್ಮ ಕಾರಿಗೂ ಎದುರಿನವರ ಕಾರಿಗೂ ಅದರಿಂದ ಏನೂ ಸಿಗುವುದಿಲ್ಲ.

ಇಂಟರ್‌ನ್ಯಾಷನಲ್ ಲೈಸೆನ್ಸ್ ಎಂದು ಎಲ್ಲರೂ ಕರೆಯುವ ಆ ಪುಸ್ತಿಕೆ ಲೈಸೆನ್ಸ್ ಅಲ್ಲ, ಮೂಲ ಲೈಸೆನ್ಸಿನ ಅನುವಾದ. ಕೊಲಂಬಿಯಾದ ಕಾರ್ಡು ಜೊತೆಗಿಲ್ಲದಿದ್ದರೆ ಅದಕ್ಕೆ ಬೆಲೆಯಿಲ್ಲ. ಪ್ರವಾಸಕ್ಕೆ ಬಂದವರು ತಮ್ಮ ದೇಶದ ಲೈಸೆನ್ಸಿನಲ್ಲೇ ಕ್ಯಾಲಿಫೋರ್ನಿಯಾದಲ್ಲಿ ಓಡಿಸಬಹುದು, ಆದರೆ ಇಲ್ಲಿನ ನಿವಾಸಿಯಾದವರು 10 ದಿನದೊಳಗೆ ಇಲ್ಲಿನ ಲೈಸೆನ್ಸಿಗೆ ಅರ್ಜಿ ಹಾಕಬೇಕು; ಹನ್ನೆರಡು ತಿಂಗಳಲ್ಲಿ ಆರು ತಿಂಗಳು ಇಲ್ಲಿದ್ದರೆ ನಿವಾಸಿ ಎಂದೇ ಕಾನೂನು ಊಹಿಸಿಕೊಳ್ಳುತ್ತದೆ. ಒಂದು ವರ್ಷದ ಒಪ್ಪಂದದ ಮೇಲೆ ನಿಮ್ಮ ಮನೆಯಲ್ಲಿ ಕೋಣೆ ಹಿಡಿದು ಕುಳಿತವಳನ್ನು ಪ್ರವಾಸಿ ಎಂದು ವಾದಿಸುವ ಪ್ರಯತ್ನ ಬೇಡ. ಪಾಸ್‌ಪೋರ್ಟ್, ಐ-94 (ದೇಶ ಪ್ರವೇಶದ ದಾಖಲೆ), ಡಿಎಸ್-2019 (ಜೆ-1 ಕಾರ್ಯಕ್ರಮದ ಪ್ರಮಾಣಪತ್ರ) ಹಿಡಿದು ರಾಜ್ಯದ ವಾಹನ ಇಲಾಖೆಯಾದ ಡಿಎಂವಿಗೆ ಕರೆದುಕೊಂಡು ಹೋಗಿ. ಬರಹದ ಪರೀಕ್ಷೆಯನ್ನು ಸ್ಪ್ಯಾನಿಷ್‌ನಲ್ಲೇ ಬರೆಯಬಹುದು. ರಸ್ತೆಯ ಪರೀಕ್ಷೆಯ ದಿನ ನಿಮ್ಮ ಕಾರು, ಅದರ ವಿಮೆಯ ಕಾಗದ ಎರಡೂ ಸರಿಯಾಗಿರಬೇಕು. ಒಂದು ಬ್ರೇಕ್ ಲೈಟ್ ಉರಿಯದಿದ್ದರೂ ಪರೀಕ್ಷಕರು ವಾಪಸು ಕಳಿಸುತ್ತಾರೆ. ಈ ಪರೀಕ್ಷೆಯಿಂದ ಇನ್ನೊಂದು ಲಾಭವಿದೆ: ಅವಳಿಗೆ ಓಡಿಸಲು ಬರುತ್ತದೋ ಇಲ್ಲವೋ ಎಂಬುದನ್ನು ನಿಮ್ಮ ಮನೆಯವರ ಬದಲು ಮೂರನೆಯವರೊಬ್ಬರು ಹೇಳುತ್ತಾರೆ.

ಈಗ ನಿಮ್ಮ ಮನೆಯವರ ಪಟ್ಟಿ. ಅದರಲ್ಲಿರುವ ಮೂಲ ತೊಡಕೆಂದರೆ ಅವರು ಎರಡು ಬೇರೆ ಬೇರೆ ಕಾರುಗಳಿಗೆ ಒಂದೇ ನಿಯಮ ಬರೆಯುತ್ತಿದ್ದಾರೆ. ಗ್ಯಾರೇಜಿನಲ್ಲಿ ನಿಂತಿರುವುದು ಒಂದೇ ಕಾರು ಇರಬಹುದು, ಆದರೆ ಮಧ್ಯಾಹ್ನ ಮೂರು ಗಂಟೆಗೆ ಮಕ್ಕಳನ್ನು ಕರೆತರುವ ಕಾರು ನಿಮ್ಮ ಕೆಲಸದ ಕಾರು. ಶನಿವಾರ ಸಂಜೆ ಅವಳು ಗೆಳತಿಯನ್ನು ಕಾಣಲು ಹೋಗುವ ಕಾರು ನೀವು ಅವಳಿಗೆ ಕೊಟ್ಟ ಅನುಕೂಲ. ಮೊದಲನೆಯದರಲ್ಲಿ ನೀವು ಎಷ್ಟು ಬಿಗಿಯಾಗಿದ್ದರೂ ತಪ್ಪಿಲ್ಲ, ಏಕೆಂದರೆ ಅಲ್ಲಿ ನಿಮ್ಮ ಮಕ್ಕಳಿದ್ದಾರೆ, ಹೊಣೆಯೂ ಪೂರ್ತಿ ನಿಮ್ಮದು. ಎರಡನೆಯದನ್ನು ಕೊಡಲೇಬೇಕೆಂಬ ಕಾನೂನಿಲ್ಲ, ಆದರೆ ಕೊಟ್ಟ ಮೇಲೆ ಅದಕ್ಕೆ ಬೇರೆಯದೇ ತೂಕದ ನಿಯಮ ಬೇಕು. ಇವೆರಡನ್ನೂ ಒಂದೇ ಹಾಳೆಯಲ್ಲಿ ಬೆರೆಸಿದಾಗ, ಮಕ್ಕಳ ಸೀಟ್‌ಬೆಲ್ಟಿನ ಮಾತಿಗೂ ರಾತ್ರಿ ಹತ್ತು ಗಂಟೆಯ ಮಾತಿಗೂ ಅವಳ ಕಣ್ಣಿನಲ್ಲಿ ಒಂದೇ ಬೆಲೆಯಾಗುತ್ತದೆ. ಕಟ್ಟುನಿಟ್ಟು ಬೇಕಾದ ಕಡೆಯೇ ಸಡಿಲವಾಗುತ್ತದೆ.

ಕೆಲಸದ ಓಡಾಟದ ನಿಯಮಗಳಲ್ಲಿ ಚರ್ಚೆಗೆ ಎಡೆಯಿಲ್ಲ. ಫೋನ್ ಕೈಯಲ್ಲಿ ಹಿಡಿಯುವಂತಿಲ್ಲ, ಇದು ರಾಜ್ಯದ ಕಾನೂನು ಕೂಡ. ಎಂಟು ವರ್ಷ ತುಂಬುವವರೆಗೆ, ಅಥವಾ 4 ಅಡಿ 9 ಇಂಚು ಎತ್ತರವಾಗುವವರೆಗೆ ಮಗು ಹಿಂದಿನ ಸೀಟಿನಲ್ಲಿ ಬೂಸ್ಟರ್ ಅಥವಾ ಚೈಲ್ಡ್ ಸೀಟಿನಲ್ಲೇ ಕೂರಬೇಕು, ಆದ್ದರಿಂದ ನಿಮ್ಮ ಚಿಕ್ಕ ಮಗು ಎಷ್ಟೇ ಹಟ ಮಾಡಿದರೂ ಮುಂದಿನ ಸೀಟು ಇಲ್ಲ. ‘ಒಂದೇ ನಿಮಿಷ’ ಎಂದು ಮಗುವನ್ನು ಕಾರಿನಲ್ಲಿ ಬಿಟ್ಟು ಅಂಗಡಿಗೆ ಹೋಗುವಂತಿಲ್ಲ. ಮಕ್ಕಳು ಇರುವಾಗ ಅವಳ ಗೆಳತಿಯರನ್ನು ಹತ್ತಿಸಿಕೊಳ್ಳುವಂತಿಲ್ಲ. ಹೇಳಿದ ದಾರಿ ಬಿಟ್ಟು ಬೇರೆಡೆ ಹೋಗುವುದಿದ್ದರೆ ಮೊದಲು ಒಂದು ಮೆಸೇಜ್. ನಿಮ್ಮ ಕೆಲಸಕ್ಕೆ ಸುಡುವ ಪೆಟ್ರೋಲು, ಪಾರ್ಕಿಂಗು, ಟೋಲು ಎಲ್ಲವೂ ನಿಮ್ಮ ಖರ್ಚು. ಅವಳ ಪರ್ಸಿನಿಂದ ಒಂದು ಡಾಲರ್ ಕೂಡ ಹೋಗಬಾರದು.

ಆದರೆ ನಿಯಮಕ್ಕಿಂತ ಮೊದಲು ಅಭ್ಯಾಸವಾಗಬೇಕಿತ್ತು, ಮತ್ತು ನಿಮ್ಮ ಬಂಪರ್ ಉಜ್ಜಿದ್ದು ಆ ಕೊರತೆಯಿಂದಲೇ ಇರಬಹುದೆಂದು ನನ್ನ ಊಹೆ. ಗೇರಿನ ಕಾರಿನಲ್ಲಿ ಕಲಿತು ಬಂದವರು ಆಟೋಮ್ಯಾಟಿಕ್ ಹತ್ತಿದ ಮೊದಲ ವಾರಗಳಲ್ಲಿ ಅವರ ಎಡಗಾಲನ್ನು ಗಮನಿಸಿ: ಗಾಬರಿಯಾದಾಗಲೆಲ್ಲ ಅದು ಇಲ್ಲದ ಕ್ಲಚ್ಚನ್ನು ಹುಡುಕುತ್ತ ಹೋಗಿ ಬ್ರೇಕಿನ ಅಗಲವಾದ ಪೆಡಲಿನ ಮೇಲೆ ದಬ್ಬನೆ ಬೀಳುತ್ತದೆ, ಹಿಂದಿನ ಸೀಟಿನ ಮಕ್ಕಳ ನೀರಿನ ಬಾಟಲಿಗಳು ಮುಂದಕ್ಕೆ ಉರುಳುತ್ತವೆ. ಕೊಲಂಬಿಯಾದಲ್ಲೂ ರಸ್ತೆಯ ಬಲಕ್ಕೇ ಓಡಿಸುವುದರಿಂದ ನಮ್ಮವರಿಗೆ ಬಂದ ಹೊಸತರಲ್ಲಿ ಆಗುವ ಎಡ ಬಲದ ಗೊಂದಲ ಅವಳಿಗಿಲ್ಲ. ಅವಳಿಗೆ ಹೊಸದು ಬೇರೆ ಸಂಗತಿಗಳು. ನಾಲ್ಕೂ ದಿಕ್ಕಿಗೆ ಸ್ಟಾಪ್ ಫಲಕವಿರುವ ಕೂಡುರಸ್ತೆಯಲ್ಲಿ ಮೊದಲು ಬಂದು ನಿಂತವರು ಮೊದಲು ಹೊರಡಬೇಕು ಎಂಬ ಮೌನದ ಒಪ್ಪಂದ, ಕೆಂಪು ದೀಪವಿದ್ದರೂ ಪೂರ್ತಿ ನಿಂತು ನೋಡಿ ಬಲಕ್ಕೆ ತಿರುಗಬಹುದಾದ ಅವಕಾಶ, ಕೆಂಪು ದೀಪ ಮಿನುಗಿಸುತ್ತ ನಿಂತ ಶಾಲಾ ಬಸ್ಸಿನ ಹಿಂದೆ ನಿಲ್ಲಲೇಬೇಕಾದ ಕಟ್ಟಳೆ, 880 ಫ್ರೀವೇ ಮೇಲೆ ಲಾರಿಗಳ ನಡುವೆ ನುಗ್ಗಿ ಸೇರಿಕೊಳ್ಳುವ ಕಷ್ಟ, ಮೀಟರಿನಲ್ಲಿ ಕಿಲೋಮೀಟರಿನ ಬದಲು ಮೈಲಿ.

ಆದ್ದರಿಂದ ಹೆಸರು ಪಾಲಿಸಿಗೆ ಸೇರಿದ ಮೇಲೂ ಒಮ್ಮೆಗೇ ಮಕ್ಕಳನ್ನು ಕೂರಿಸಬೇಡಿ. ಮೊದಲು ನೀವೋ ನಿಮ್ಮ ಮನೆಯವರೋ ಪಕ್ಕದಲ್ಲಿ ಕುಳಿತು ಶಾಲೆ, ಈಜುಕೊಳ, ಡಾಕ್ಟರ ಕ್ಲಿನಿಕ್ಕುಗಳ ದಾರಿಯನ್ನು, ಅದೂ ಆ ಹೊತ್ತಿನ ಟ್ರಾಫಿಕ್ಕಿನಲ್ಲೇ, ನಾಲ್ಕಾರು ಸಲ ಓಡಿಸಿ ನೋಡಲಿ. ನಂತರ ಅವಳೊಬ್ಬಳೇ. ನಂತರ ಮಕ್ಕಳೊಂದಿಗೆ ಊರೊಳಗೆ. ಫ್ರೀವೇ ಎಲ್ಲಕ್ಕಿಂತ ಕೊನೆಗೆ. ಮನೆಯವರು ಪಕ್ಕದಲ್ಲಿ ಕುಳಿತರೆ ದನಿ ಏರುತ್ತದೆ ಎಂದಾದರೆ (ಹಾಗಾಗದ ಮನೆ ನಾನು ಕಂಡಿಲ್ಲ) ಡ್ರೈವಿಂಗ್ ಸ್ಕೂಲಿನ ಆರು ಗಂಟೆ ಕೊಂಡುಕೊಳ್ಳಿ. ಒಂದು ಬಂಪರಿಗೆ ಬಣ್ಣ ಹೊಡೆಸುವ ಖರ್ಚಿಗಿಂತ ಅದು ಹೆಚ್ಚಾಗಲಾರದು.

ಅವಳ ಸ್ವಂತ ಓಡಾಟದ ಕಡೆಗೆ ಬಂದರೆ, ‘ರಾತ್ರಿ ಹತ್ತರೊಳಗೆ ಮನೆ ಸೇರಬೇಕು’ ಎಂಬ ವಾಕ್ಯದಲ್ಲಿ ಯಾರು ಸೇರಬೇಕು ಎಂಬುದನ್ನು ಬದಲಿಸಿ. ಕಾರು ಮನೆ ಸೇರಬೇಕಾದ ಸಮಯವನ್ನು ನೀವು ನಿಗದಿ ಮಾಡಬಹುದು, ಕಾರು ನಿಮ್ಮದು. ಮರುದಿನ ಬೆಳಿಗ್ಗೆ ಏಳಕ್ಕೆ ಮಕ್ಕಳನ್ನು ಹೊರಡಿಸಬೇಕಾದ ರಾತ್ರಿ ಹತ್ತು ಎಂದರೆ ಅದಕ್ಕೆ ಕಾರಣವಿದೆ. ಆದರೆ ರಜೆಯ ದಿನ 21 ವರ್ಷದ ಹೆಣ್ಣುಮಗಳು ಎಷ್ಟು ಹೊತ್ತಿಗೆ ಮನೆಗೆ ಬರಬೇಕೆಂದು ನೀವು ಹೇಳಹೊರಟರೆ ಅದು ಕಾರಿನ ನಿಯಮವಾಗಿ ಉಳಿಯುವುದಿಲ್ಲ. ನಮ್ಮವರ ಮನೆಗಳಲ್ಲಿ ಇದು ಒಳ್ಳೆಯ ಮನಸ್ಸಿನಿಂದಲೇ ಬರುತ್ತದೆ. ‘ಮನೆ ಮಗಳ ಹಾಗೆ ನೋಡಿಕೊಳ್ಳುತ್ತೇವೆ’ ಎನ್ನುತ್ತೇವೆ, ಹಾಗೆಯೇ ಮಗಳಿಗೆ ಮಾಡುವಂತೆ ಒಂಬತ್ತೂವರೆಗೆ ‘ಎಲ್ಲಿದ್ದೀಯ’ ಎಂದು ಫೋನ್ ಮಾಡುತ್ತೇವೆ. ಅತ್ತೆಯವರ ಆತಂಕದ ಬೇರೂ ಅಲ್ಲೇ ಇದೆ. ಪರರ ಮನೆಯ ಹುಡುಗಿಯನ್ನು ನಂಬಿ ಕಳಿಸಿದ್ದಾರೆ, ಏನಾದರೂ ಆದರೆ ಅವಳ ತಾಯಿಗೆ ಏನೆಂದು ಹೇಳುವುದು ಎಂಬ ಭಯ ಅದು. ಅದನ್ನು ಹಳೆಯ ಕಾಲದ ಮಾತೆಂದು ತಳ್ಳಿಹಾಕಬೇಡಿ. ಅವಳು ತಡವಾಗಿ ಬರುವ ರಾತ್ರಿ ಒಂದು ಮೆಸೇಜ್ ಹಾಕಲಿ ಎಂದು ಕೇಳಿಕೊಂಡರೆ ಅತ್ತೆಯವರಿಗೂ ಸಮಾಧಾನ, ಅವಳಿಗೂ ಅವಮಾನವಿಲ್ಲ.

ಹತ್ತು ಮೈಲಿಯ ಮಿತಿ ಬೇರೆ ರೀತಿಯ ಕಷ್ಟ ತರುತ್ತದೆ. ಈ ಊರುಗಳಲ್ಲಿ ಕಾರಿಲ್ಲದವರು ಹೇಗೆ ಕಟ್ಟಿಹಾಕಿದಂತಾಗುತ್ತಾರೆ ಎಂಬುದು ಗಂಡನ ಅವಲಂಬಿತರಾಗಿ ಎಚ್-4 ವೀಸಾದಲ್ಲಿ ಬಂದು ಮೊದಲ ವರ್ಷವನ್ನು ಅಪಾರ್ಟ್‌ಮೆಂಟಿನ ಕಿಟಕಿಯಲ್ಲಿ ಕಳೆದ ನಮ್ಮ ಎಷ್ಟೋ ಹೆಣ್ಣುಮಕ್ಕಳಿಗೆ ಗೊತ್ತು. ಕ್ಲಾಸಿಗೂ ಏಜೆನ್ಸಿಯ ತಿಂಗಳ ಸಭೆಗೂ ಅವಳು ಹೋಗಿ ಬರುವುದಕ್ಕೆ ನೀವೇ ದಾರಿ ಮಾಡಿಕೊಡಬೇಕು. ಉಳಿದಂತೆ ಮೈಲಿಯ ಲೆಕ್ಕಕ್ಕಿಂತ ರಸ್ತೆಯ ಸ್ವರೂಪವನ್ನು ಹಿಡಿದು ಮಿತಿ ಹಾಕುವುದು ಮೇಲು: ಮೊದಲ ಎರಡು ತಿಂಗಳು ಫ್ರೀಮಾಂಟ್, ನ್ಯೂವಾರ್ಕ್, ಯೂನಿಯನ್ ಸಿಟಿ ಮತ್ತು ಬಾರ್ಟ್ (ಬೇ ಏರಿಯಾದ ಸ್ಥಳೀಯ ರೈಲು) ನಿಲ್ದಾಣದವರೆಗೆ, ಆಮೇಲೆ ಹಗಲಿನಲ್ಲಿ ಫ್ರೀವೇ; ಸೇತುವೆ ದಾಟುವುದಕ್ಕೆ, ಗುಡ್ಡದ ರಸ್ತೆಗೆ, ರಾತ್ರಿ ತಂಗುವ ಪ್ರಯಾಣಕ್ಕೆ ಪ್ರತಿ ಸಲ ಕೇಳಬೇಕು; ಚಳಿಗಾಲದಲ್ಲಿ ಟಾಹೋ ಕಡೆಗೆ, ಚಕ್ರಕ್ಕೆ ಚೈನು ಕಟ್ಟಬೇಕಾದ ಹಿಮದ ರಸ್ತೆಗೆ ಇಲ್ಲವೇ ಇಲ್ಲ. ಎರಡು ವಿಷಯಗಳಲ್ಲಿ ಮಾತ್ರ ಯಾವ ವಿನಾಯಿತಿಯೂ ಬೇಡ. ಸ್ಟಿಯರಿಂಗನ್ನು ಬೇರೆ ಯಾರಿಗೂ ಕೊಡುವಂತಿಲ್ಲ, ಗೆಳತಿ ಎಷ್ಟೇ ಚೆನ್ನಾಗಿ ಓಡಿಸಲಿ. ಮತ್ತು ಒಂದು ಗುಟುಕು ಕುಡಿದಿದ್ದರೂ ಓಡಿಸುವಂತಿಲ್ಲ. ಅಂಥ ರಾತ್ರಿ ನಿಮಗೆ ಫೋನ್ ಮಾಡಿದರೆ ಎರಡು ಗಂಟೆಯಾದರೂ ಬಂದು ಕರೆದೊಯ್ಯುತ್ತೇವೆ, ಮರುದಿನ ಆ ಬಗ್ಗೆ ಮಾತು ಎತ್ತುವುದಿಲ್ಲ ಎಂದು ನೀವಿಬ್ಬರೂ ಮಾತು ಕೊಡಿ, ಕೊಟ್ಟರೆ ಉಳಿಸಿಕೊಳ್ಳಿ.

ಗೀರಿನ ಹಣವನ್ನು ವಾರದ ಸ್ಟೈಪೆಂಡಿನಲ್ಲಿ ಹಿಡಿಯುವ ಯೋಚನೆಯನ್ನು ಬಿಟ್ಟುಬಿಡಿ. ಫೆಡರಲ್ ನಿಯಮದ ಕನಿಷ್ಠ ಸ್ಟೈಪೆಂಡ್ ವಾರಕ್ಕೆ 195.75 ಡಾಲರ್, ಗಂಟೆಗೆ 7.25ರಂತೆ 45 ಗಂಟೆಗೆ ಲೆಕ್ಕ ಹಾಕಿ, ಊಟ ವಸತಿಗೆಂದು ಶೇಕಡಾ 40 ಕಳೆದ ಮೇಲೆ ಉಳಿದ ಮೊತ್ತ ಅದು. ಅಂದರೆ ಕಳೆಯಬಹುದಾದ್ದನ್ನು ಆಗಲೇ ಕಳೆದಾಗಿದೆ. ಸಾಮಾನ್ಯ ಅಜಾಗರೂಕತೆಯಿಂದ ಆದ ನಷ್ಟವನ್ನು ಕೆಲಸಗಾರರ ಸಂಬಳದಲ್ಲಿ ಮುರಿದುಕೊಳ್ಳಲು ಕ್ಯಾಲಿಫೋರ್ನಿಯಾದ ಕಾರ್ಮಿಕ ಕಾನೂನು ಒಪ್ಪುವುದಿಲ್ಲ. ಮ್ಯಾಸಚೂಸೆಟ್ಸಿನ ರಾಜ್ಯ ವೇತನ ಕಾನೂನು ಓಪೇರ್‌ಗಳಿಗೂ ಅನ್ವಯಿಸುತ್ತದೆ ಎಂದು ಬಾಸ್ಟನ್ನಿನ ಫೆಡರಲ್ ಮೇಲ್ಮನವಿ ನ್ಯಾಯಾಲಯ 2019ರ ಡಿಸೆಂಬರಿನಲ್ಲಿ ತೀರ್ಪು ಕೊಟ್ಟ ಮೇಲೆ, ರಾಜ್ಯದ ಕಾನೂನು ನಮಗೆ ಸಂಬಂಧಿಸಿದ್ದಲ್ಲ ಎಂದು ಯಾವ ಕುಟುಂಬವೂ ಧೈರ್ಯವಾಗಿ ಹೇಳುವಂತಿಲ್ಲ. ಅವಳ ಸ್ವಂತ ಓಡಾಟದಲ್ಲಿ, ಅವಳದೇ ತಪ್ಪಿನಿಂದ ಅಪಘಾತವಾದರೆ ಡಿಡಕ್ಟಿಬಲ್‌ನ (ವಿಮಾ ಕಂಪನಿ ಕೊಡುವ ಮೊದಲು ನಾವೇ ಭರಿಸಬೇಕಾದ ಮೊತ್ತದ) ಒಂದು ಭಾಗವನ್ನು ಕೊಡಬೇಕೆಂದು ಕೆಲವು ಏಜೆನ್ಸಿಗಳ ಒಪ್ಪಂದದಲ್ಲಿ ಇರುತ್ತದೆ. ನಿಮ್ಮ ಒಪ್ಪಂದವನ್ನು ತೆಗೆದು ನೋಡಿ, ಅಲ್ಲಿ ಬರೆದ ಮೊತ್ತವನ್ನು ಮೀರಬೇಡಿ, ಸ್ಟೈಪೆಂಡಿಗೆ ಅದನ್ನು ತಳುಕು ಹಾಕಬೇಡಿ, ಮಕ್ಕಳನ್ನು ಕರೆತರುವಾಗ ಆದದ್ದಕ್ಕೆ ಏನನ್ನೂ ಕೇಳಬೇಡಿ.

ಅವಳು ಎರಡು ದಿನ ಹೇಳದೆ ಇದ್ದದ್ದು ನಿಮ್ಮನ್ನು ನೋಯಿಸಿದೆ ಎಂದು ಬಲ್ಲೆ. ನನ್ನ ಅನುಭವದಲ್ಲಿ ಇದು ಕಪಟದಿಂದ ಆಗುವುದು ಅಪರೂಪ. ಮನೆಗೆ ವಾಪಸು ಕಳಿಸಿಬಿಡುತ್ತಾರೆ, ರೀಮ್ಯಾಚ್ ಎಂದು ಬೇರೆ ಕುಟುಂಬ ಹುಡುಕಿಕೊಳ್ಳಬೇಕಾಗುತ್ತದೆ ಎಂಬ ಹೆದರಿಕೆಯಿಂದಲೇ ಹೆಚ್ಚು. ಗೀರಿಗೆ ದಂಡವಿದ್ದಷ್ಟೂ ಗೀರುಗಳು ಅಡಗುತ್ತವೆ. ಹೇಳದೆ ಇರುವುದನ್ನು ದೊಡ್ಡ ತಪ್ಪೆಂದೂ, ಹೇಳಿದ ಗೀರನ್ನು ಕ್ಷಮಿಸಿದ್ದೇವೆಂದೂ ಬರೆದು ಕೊಡಿ. ಇದಕ್ಕೆ ಕಾನೂನಿನ ಕಾರಣವೂ ಇದೆ. ಯಾರಿಗಾದರೂ ಗಾಯವಾದರೆ ಅಥವಾ 1,000 ಡಾಲರಿಗಿಂತ ಹೆಚ್ಚು ಆಸ್ತಿ ಹಾನಿಯಾದರೆ 10 ದಿನದೊಳಗೆ ಡಿಎಂವಿಗೆ ಎಸ್‌ಆರ್-1 ಎಂಬ ವರದಿ ಸಲ್ಲಿಸಬೇಕು; ಎರಡು ದಿನ ಮುಚ್ಚಿಟ್ಟರೆ ಆ ಗಡುವು ನಿಮಗೆ ಗೊತ್ತಾಗದೆಯೇ ಕರಗುತ್ತಿರುತ್ತದೆ. ಗ್ಲೋವ್ ಬಾಕ್ಸಿನಲ್ಲಿ ವಿಮೆಯ ಕಾರ್ಡಿನ ಜೊತೆ ಸ್ಪ್ಯಾನಿಷ್‌ನಲ್ಲಿ ಒಂದು ಚೀಟಿ ಇಡಿ: ಮೊದಲು ಮಕ್ಕಳನ್ನು ನೋಡು, ಗಾಯವಿದ್ದರೆ 911, ಎದುರಿನವರ ಲೈಸೆನ್ಸ್ ಮತ್ತು ನಂಬರ್ ಪ್ಲೇಟಿನ ಫೋಟೋ, ತಪ್ಪು ಯಾರದೆಂದು ರಸ್ತೆಯಲ್ಲಿ ವಾದ ಬೇಡ, ತಕ್ಷಣ ನಮಗೆ ಫೋನ್.

ಜಿಪಿಎಸ್ ಹಾಕಲು ಮಾಲೀಕರಾಗಿ ನಿಮಗೆ ಹಕ್ಕಿದೆ. ಅವಳಿಗೆ ಹೇಳದೆ ಹಾಕಿದರೆ ಅವಳು ಕಂಡುಕೊಂಡ ದಿನವೇ ಈ ಸಂಬಂಧ ಮುಗಿಯುತ್ತದೆ. ಒಳಗಿನ ಮಾತು ದಾಖಲಿಸುವ ಡ್ಯಾಶ್‌ಕ್ಯಾಮ್ ಆದರೆ ಹಾಗೆಂದು ತಿಳಿಸುವ ಸೂಚನೆಯನ್ನು ಕಾರಿನಲ್ಲಿ ಅಂಟಿಸಬೇಕೆಂದು ಕಾನೂನೇ ಇದೆ. ನನಗಾದರೆ ರಸ್ತೆಯನ್ನಷ್ಟೇ ನೋಡುವ ಕ್ಯಾಮೆರಾ ಸಾಕೆನಿಸುತ್ತದೆ, ಅಪಘಾತವಾದಾಗ ಅದು ಅವಳ ಪರವಾಗಿಯೂ ಸಾಕ್ಷಿ ಹೇಳಬಲ್ಲದು.

ಕೆಲವರು ಇದೆಲ್ಲದರಿಂದ ಬೇಸತ್ತು ಮೂರು ಸಾವಿರ ಡಾಲರಿನ ಹಳೆಯ ಕಾರೊಂದನ್ನು ಅವಳಿಗೆಂದು ತರುತ್ತಾರೆ. ಗೀರಿನ ಚಿಂತೆ ತಪ್ಪುತ್ತದೆ ನಿಜ, ಆದರೆ ಅದರಲ್ಲಿ ಕೂರುವವರು ನಿಮ್ಮ ಮಕ್ಕಳೇ. ಜಾರುವ ರಸ್ತೆಯಲ್ಲಿ ಕಾರನ್ನು ಹಿಡಿತದಲ್ಲಿಡುವ ಎಲೆಕ್ಟ್ರಾನಿಕ್ ಸ್ಟೆಬಿಲಿಟಿ ಕಂಟ್ರೋಲ್ ಇಲ್ಲಿ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾದದ್ದು 2012ರ ಮಾಡೆಲ್‌ನಿಂದ, ಹಿಂಬದಿಯ ಕ್ಯಾಮೆರಾ 2018ರ ಮೇ ತಿಂಗಳಿನಿಂದ. ಅದಕ್ಕಿಂತ ಹಳೆಯದನ್ನು ಹೊಸ ಚಾಲಕಿಗೆ ಕೊಡಬೇಡಿ. ಅಂದ ಹಾಗೆ, ನಿಮ್ಮ ಎರಡನೇ ಕಾರಿನಲ್ಲಿ ಹಿಂಬದಿಯ ಕ್ಯಾಮೆರಾ ಇದೆಯೇ? ಇಲ್ಲದಿದ್ದರೆ ಒಂದನ್ನು ಹಾಕಿಸಿ. ಗ್ಯಾರೇಜಿನ ಕಂಬ ನಾಳೆಯೂ ಅಲ್ಲೇ ಇರುತ್ತದೆ.

ಇನ್ನು ಶನಿವಾರದ ಸ್ಯಾಂಟಾ ಕ್ರೂಜ್. ಅಲ್ಲಿಗೆ ಹೋಗುವ ಹೆದ್ದಾರಿ 17, ಲಾಸ್ ಗ್ಯಾಟೋಸ್ ದಾಟಿದ ಮೇಲೆ ತಿರುವಿನ ಮೇಲೆ ತಿರುವಾಗಿ ಗುಡ್ಡ ಹತ್ತಿ ಇಳಿಯುವ, ಪಕ್ಕಕ್ಕೆ ನಿಲ್ಲಿಸಲು ಹೆಚ್ಚು ಜಾಗವಿಲ್ಲದ ದಾರಿ. ಇಲ್ಲಿ ಹತ್ತು ವರ್ಷ ಓಡಿಸಿದವರೂ ಅಲ್ಲಿ ಮಾತು ನಿಲ್ಲಿಸುತ್ತಾರೆ. ಐದು ವಾರದ ಚಾಲಕಿ, ಗೆಳತಿಯರು ತುಂಬಿದ ಕಾರು, ಪಾಲಿಸಿಯಲ್ಲಿ ಇನ್ನೂ ಸೇರದ ಹೆಸರು. ಈ ಸಲ ಬೇಡವೆನ್ನಿ. ಆದರೆ ಬೇಡವೆಂದು ಹೇಳುವಾಗ ಬಂಪರಿನ ಮಾತನ್ನು ಎತ್ತಬೇಡಿ. ತಪ್ಪು ನಮ್ಮದು, ನಿನ್ನ ಹೆಸರನ್ನು ವಿಮೆಗೆ ಸೇರಿಸಿರಲಿಲ್ಲ ಎಂದು ನಿಜವನ್ನೇ ಹೇಳಿ. ಬಾರ್ಟ್‌ನಲ್ಲಿ ಬೆರಿಯೆಸಾದವರೆಗೆ ಹೋಗಿ, ಅಲ್ಲಿಂದ ಸ್ಯಾನ್ ಹೊಸೆಯ ಡಿರಿಡನ್ ನಿಲ್ದಾಣ ತಲುಪಿದರೆ ಸ್ಯಾಂಟಾ ಕ್ರೂಜ್‌ಗೆ ಹೆದ್ದಾರಿ 17 ಎಕ್ಸ್‌ಪ್ರೆಸ್ ಬಸ್ಸಿದೆ. ಬೆಳಿಗ್ಗೆ ಅವಳನ್ನು ಬಾರ್ಟ್ ನಿಲ್ದಾಣಕ್ಕೆ ನಿಮ್ಮ ಮನೆಯವರೇ ಬಿಟ್ಟು ಬರಲಿ, ರಾತ್ರಿ ಎಷ್ಟು ಹೊತ್ತಾದರೂ ಕರೆತರಲಿ.